ಗುಳಿಗೆ ಬಿಡಿಸುವ ಮುನ್ನ

“ಬಸ್ರಿ ಆಗಿದಿ, ಇನ್ನ ಆ ಗುಳಿಗಿ ಬಿಡವ್ವಾ.” ಮರಿಯಮ್ಮನಹಳ್ಳಿ ಕಡೆ ಅತ್ತೆಯೋ ತಾಯಿಯೋ ಹೀಗೆ ಹೇಳಿದರೆ ಅದು ಮಗುವಿನ ಮೇಲಿನ ಕಕ್ಕುಲಾತಿಯಿಂದಲೇ. ಆದರೆ ಆ ಗುಳಿಗೆ, ಮನಸ್ಸು ವಿಪರೀತ ಏರಿಳಿಯುವ ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂ ಆಗಿದ್ದರೆ, ಒಂದೇ ಏಟಿಗೆ ಬಿಡಿಸುವ ಈ ರೂಢಿಯನ್ನು ನಾನು ಒಪ್ಪಲಾರೆ.

ಭಯಕ್ಕೆ ಕಾರಣವಿದೆ, ನಿಜ. ಅಮೆರಿಕದ 13 ಲಕ್ಷಕ್ಕೂ ಹೆಚ್ಚು ಬಸಿರುಗಳನ್ನು ನೋಡಿದ 2017ರ ಅಧ್ಯಯನದಲ್ಲಿ, ಮೊದಲ ಮೂರು ತಿಂಗಳು ಲಿಥಿಯಂ ತೆಗೆದುಕೊಂಡವರ ಮಕ್ಕಳಲ್ಲಿ ನೂರಕ್ಕೆ 2.41, ತೆಗೆದುಕೊಳ್ಳದವರಲ್ಲಿ 1.15 ಹೃದಯದೋಷ ಕಂಡಿತು. ದಿನಕ್ಕೆ 900 ಮಿ.ಗ್ರಾಂ. ದಾಟಿದಾಗ ಅಪಾಯ ಸುಮಾರು ಮೂರು ಪಟ್ಟು. 600ರೊಳಗೆ ವ್ಯತ್ಯಾಸ ತೀರಾ ಕಡಿಮೆ. ಇತ್ತ ಗುಳಿಗೆ ತಟ್ಟನೆ ನಿಂತರೆ ಕಾಯಿಲೆ ಮರಳುವ ಅಪಾಯ ಹೆಚ್ಚು. ಹೆರಿಗೆಯ ಹಿಂದೆಯೇ ಬರುವ ಬಾಣಂತಿಸನ್ನಿಯಲ್ಲಿ ತಾಯಿ, ಮಗು ಇಬ್ಬರ ಜೀವಕ್ಕೂ ಕುತ್ತು.

ಹೊಕ್ಕುಳಬಳ್ಳಿಯ ರಕ್ತದಲ್ಲಿ ಹೆಚ್ಚುಕಡಿಮೆ ತಾಯಿಯಷ್ಟೇ ಲಿಥಿಯಂ ಇರುತ್ತದೆ. ಅದು ಏರಿದ್ದರೆ ಹುಟ್ಟಿದ ಮಗು ಒದ್ದೆ ಬಟ್ಟೆಯಂತೆ ಕೈಯಲ್ಲಿ ಜೋಲಬಹುದು, ಮೊಲೆ ಬಾಯಿಗಿಟ್ಟರೂ ಚೀಪದಿರಬಹುದು. ಕೆಲವು ಕೂಸುಗಳಿಗೆ ಥೈರಾಯ್ಡ್ ಕುಂದುತ್ತದೆ. ಬಹುಪಾಲು ಇವು ದಿನ ಕಳೆದಂತೆ ಇಳಿಯುತ್ತವೆ, ಗಮನಿಸುವವರು ಪಕ್ಕದಲ್ಲಿದ್ದರೆ.

ನನ್ನ ನಿಜವಾದ ತಕರಾರು ಬಾಣಂತನದ ಪಥ್ಯದ ಮೇಲೆ. ಬಸಿರಿನಲ್ಲಿ ಮೂತ್ರಪಿಂಡ ಲಿಥಿಯಂ ಅನ್ನು ಬೇಗ ಹೊರಹಾಕುವುದರಿಂದ ಗುಳಿಗೆ ಹೆಚ್ಚಿಸಿರುತ್ತಾರೆ. ಹೆರಿಗೆಯಾದೊಡನೆ ಆ ವೇಗ ಇಳಿಯುತ್ತದೆ, ಬಸಿರಿನಲ್ಲಿ ಏರಿಸಿದ ಪ್ರಮಾಣ ಈಗ ಅತಿಯಾಗುತ್ತದೆ. ಅದೇ ಹೊತ್ತಿಗೆ ನಾವು ಮಾಡುವುದೇನು? ಬಾಣಂತಿಗೆ ಗುಟುಕು ನೀರು, ಸಪ್ಪೆ ಊಟ, ಸುಡುಸುಡು ನೀರಿನ ಎರೆತ, ಕೆಂಡದ ಕಾವು. ಮೈಯಲ್ಲಿ ನೀರು, ಉಪ್ಪು ಕಡಿಮೆಯಾದಷ್ಟೂ ಲಿಥಿಯಂ ರಕ್ತದಲ್ಲಿ ಉಳಿಯುತ್ತದೆ, ಹಾಲಿಗೂ ಇಳಿಯುತ್ತದೆ. ಹೊಲಿಗೆ ನೋವಿಗೆ ಕೊಡುವ ಡೈಕ್ಲೋಫೆನಾಕ್ ಅದನ್ನು ಮತ್ತೂ ಏರಿಸುತ್ತದೆ. ಎಣ್ಣೆ ನೀವಿ ಎರೆಯುವ ಅಜ್ಜಿಯ ಕೈಗುಣಕ್ಕೆ ನಾನು ಕೈಮುಗಿಯುತ್ತೇನೆ. ನೀರು ಕಟ್ಟುವುದನ್ನು ಮಾತ್ರ ಬಿಡಲೇಬೇಕು.

1985ರಲ್ಲಿ ನಿಮ್ಹಾನ್ಸ್ ಮಾನಸಿಕ ಚಿಕಿತ್ಸೆಯನ್ನು ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಒಯ್ದದ್ದು ಆಗ ಮರಿಯಮ್ಮನಹಳ್ಳಿಯೂ ಸೇರಿದ್ದ ಬಳ್ಳಾರಿ ಜಿಲ್ಲೆಯಲ್ಲಿ. 1996ರಲ್ಲಿ ದೇಶವೇ ಆ ಮಾದರಿ ಹಿಡಿಯಿತು. ಆದರೆ ಲಿಥಿಯಂ ವಿಷಯದಲ್ಲಿ ಗುಳಿಗೆಯಷ್ಟೇ, ಅದರ ಮಟ್ಟ ನೋಡುವ ರಕ್ತ ಪರೀಕ್ಷೆಯೂ ಚಿಕಿತ್ಸೆಯ ಭಾಗ. ಅದು ಬಸುರಿಯ ಊರಿನ ಹತ್ತಿರಕ್ಕೆ ಬಾರದಿದ್ದರೆ ಆ ಕೆಲಸ ಅರ್ಧವೇ.

ಆಶಾ ಅಕ್ಕಂದಿರೇ, ತಾಯಿ ಕಾರ್ಡಿನ ಮೇಲೆ ಲಿಥಿಯಂ ಎಂದು ದೊಡ್ಡದಾಗಿ ಬರೆಸಿ. ನೋವು ಶುರುವಾದಾಗ ಡಾಕ್ಟರಿಗೆ ಮೊದಲು ಅದನ್ನೇ ಹೇಳಿ. ಬಾಣಂತಿಯ ಮಂಚದ ಪಕ್ಕ ತುಂಬಿದ ಚೊಂಬು ಇರಲಿ.