ಉಣ್ಣದ ಬೆಕ್ಕು

ಬೆಕ್ಕು ಉಪವಾಸಕ್ಕೆ ಹುಟ್ಟಿದ ಪ್ರಾಣಿಯಲ್ಲ. ಹಸು ಒಂದು ಹೊತ್ತು ಮೇವು ಬಿಟ್ಟರೆ ಮನೆಮಂದಿಯೆಲ್ಲ ಕೊಟ್ಟಿಗೆಯಲ್ಲಿ ಸೇರುತ್ತಾರೆ. ನಾಯಿ ಅನ್ನ ಮುಟ್ಟದಿದ್ದರೆ ಮಕ್ಕಳು ಅದರ ಸುತ್ತಲೇ ಕುಳಿತಿರುತ್ತಾರೆ. ಬೆಕ್ಕು ಉಣ್ಣದೆ ಮೂಲೆಯಲ್ಲಿ ಮುದುಡಿ ಕುಳಿತಾಗ ಮಾತ್ರ, ಅದು ಸ್ವಭಾವತಃ ಏಕಾಂತಪ್ರಿಯವಾದುದರಿಂದಲೂ, ಹೊರಗೆಲ್ಲಿಯೋ ಇಲಿಯನ್ನೋ ಓತಿಯನ್ನೋ ತಿಂದು ಬಂದಿರಬೇಕೆಂಬ ಸಮಾಧಾನ ನಮಗೆ ಸುಲಭವಾಗಿ ದೊರೆಯುವುದರಿಂದಲೂ, ಅದರ ಮೌನವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಈ ಅಂಕಣವನ್ನು ಓದುವ ಮಾರ್ಜಾಲಪ್ರಿಯರಿಗೆ ನಾನು ಈ ವಾರ ಹೇಳಬೇಕೆಂದಿರುವುದು ಇದೊಂದೇ: ಬೆಕ್ಕಿನ ಅನಶನವು ರೋಗದ ಲಕ್ಷಣ ಮಾತ್ರವಲ್ಲ, ಅದೇ ರೋಗವಾಗಿ ಪರಿಣಮಿಸಬಲ್ಲದು, ಆ ರೋಗ ನೆಲೆಸುವುದು ಯಕೃತ್ತಿನಲ್ಲಿ, ಬಹುಮಟ್ಟಿಗೆ ಅದರ ಬೀಜ ಬೀಳುವುದು ಭಯದಿಂದ.

ನಂಜನಗೂಡಿನಲ್ಲಿಯೂ ತಿರುಮಕೂಡಲು ನರಸೀಪುರದಲ್ಲಿಯೂ ಮಳೆಗಾಲವು ಬೆಕ್ಕುಗಳಿಗೆ ಕಷ್ಟದ ಕಾಲ. ವಯನಾಡಿನ ಬೆಟ್ಟಗಳಲ್ಲಿ ಮಳೆ ಹಿಡಿದು, ಬೀಚನಹಳ್ಳಿಯ ಜಲಾಶಯ ತುಂಬಿ, ಕಪಿಲೆಗೆ ನೀರು ಬಿಟ್ಟಾಗ, 2019ರ ಆಗಸ್ಟಿನಲ್ಲಿಯೂ 2024ರ ಮಳೆಗಾಲದಲ್ಲಿಯೂ ಆದಂತೆ, ಹದಿನಾರು ಕಾಲು ಮಂಟಪ ಮುಳುಗಿ, ತೋಪಿನ ಬೀದಿ, ಹಳ್ಳದ ಕೇರಿಗಳ ತಗ್ಗಿನ ಮನೆಗಳಿಗೆ ನೀರು ನುಗ್ಗಿ, ಜನ ಗಂಟುಮೂಟೆಗಳೊಡನೆ ಕಾಳಜಿ ಕೇಂದ್ರಗಳಿಗೆ ನಡೆಯುತ್ತಾರೆ. ಕೆಳಗೆ ಸಂಗಮದಲ್ಲಿ, ಕನ್ನಂಬಾಡಿಯಿಂದ ಬಿಟ್ಟ ಕಾವೇರಿಯ ನೀರೂ ಅದೇ ಹೊತ್ತಿಗೆ ಬಂದು ಸೇರಿತೆಂದರೆ ನರಸೀಪುರದ ನದೀತೀರದವರಿಗೂ ಅದೇ ಪಾಡು. ಹಸುಕರುಗಳನ್ನು ಹಗ್ಗ ಹಿಡಿದು ಕರೆದೊಯ್ಯಬಹುದು. ಕೊತ್ತಿಯಾದರೋ ಅಟ್ಟದ ಮೇಲಿರುತ್ತದೆ, ಇಲ್ಲವೇ ನೆರೆಮನೆಯ ಹೆಂಚಿನ ಮೇಲೆ. ಹಿಡಿದು ತಂದರೂ ಅಪರಿಚಿತವಾದ ಸಭಾಂಗಣದಲ್ಲಿ, ನೂರಾರು ಜನರ ಗದ್ದಲದಲ್ಲಿ, ರಟ್ಟಿನ ಪೆಟ್ಟಿಗೆಯೊಂದರ ಒಳಗೆ ಅದು ದಿನಗಟ್ಟಲೆ ಮುಖ ತಿರುಗಿಸಿ ಕೂರುತ್ತದೆ.

ಪ್ರವಾಹವೇ ಆಗಬೇಕೆಂದಿಲ್ಲ. ಫಾಲ್ಗುಣದ ದೊಡ್ಡ ಜಾತ್ರೆಯಲ್ಲಿ ಶ್ರೀಕಂಠೇಶ್ವರನ ಐದು ತೇರುಗಳು ಹೊರಟು, ವಾದ್ಯಘೋಷವೂ ಜನಸಮುದ್ರವೂ ರಥಬೀದಿಯನ್ನು ತುಂಬಿದಾಗ, ಮೂರು ವರ್ಷಕ್ಕೊಮ್ಮೆ ತ್ರಿವೇಣಿ ಸಂಗಮದಲ್ಲಿ ಕುಂಭಮೇಳ ನೆರೆದಾಗ, ದೀಪಾವಳಿಯಲ್ಲಿ ಪಟಾಕಿ ಹಾರಿದಾಗ, ಮನೆಗೆ ಸುಣ್ಣ ಬಣ್ಣ ನಡೆದಾಗ, ಹೊಸ ಬೆಕ್ಕೊಂದು ಬಂದಾಗ, ಪ್ರತಿದಿನ ಮಡಿಲಲ್ಲಿ ಕೂರಿಸಿಕೊಳ್ಳುತ್ತಿದ್ದ ಅಜ್ಜಿ ತೀರಿಕೊಂಡಾಗ, ಮನೆಯ ಬೆಕ್ಕು ಅನುಭವಿಸುವ ಕ್ಷೋಭೆ ಒಂದೇ ಜಾತಿಯದು. ನಾಯಿ ಯಜಮಾನನನ್ನು ನಂಬುತ್ತದೆ, ಬೆಕ್ಕು ಮನೆಯನ್ನು ನಂಬುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಸುಳ್ಳಲ್ಲ. ತಾಯಿಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುವುದುಂಟು, ನಿಜ; ಆದರೆ ಆ ಏಳು ಮನೆಗಳನ್ನೂ ಆರಿಸುವವಳು ಅವಳೇ. ನಾವು ಆರಿಸಿದ ಮನೆ ಅದಕ್ಕೆ ಬೇರೆಯ ಮಾತು. ಹೆದರಿದ ಬೆಕ್ಕು ಮೊದಲು ಅವಿತುಕೊಳ್ಳುತ್ತದೆ, ಅನಂತರ ಉಣಿಸನ್ನು ಬಿಡುತ್ತದೆ.

ಇಷ್ಟಾದ ಮೇಲೆ ಶರೀರದೊಳಗೆ ನಡೆಯುವುದನ್ನು ತಿಳಿಯಬೇಕು. ಆಹಾರ ನಿಂತೊಡನೆ ದೇಹವು ತಾನು ಕೂಡಿಟ್ಟ ಕೊಬ್ಬನ್ನು ಕರಗಿಸಿ ರಕ್ತದ ಮೂಲಕ ಯಕೃತ್ತಿಗೆ ಕಳುಹಿಸುವುದು ಎಲ್ಲ ಪ್ರಾಣಿಗಳಲ್ಲಿಯೂ ಇರುವ ಕ್ರಮವೇ. ಭಯದಲ್ಲಿ ಸ್ರವಿಸುವ ರಸಗಳು ಆ ಕರಗುವಿಕೆಯನ್ನು ಇಮ್ಮಡಿಗೊಳಿಸುತ್ತವೆ. ಬಂದ ಕೊಬ್ಬನ್ನು ಉರಿಸಿಕೊಳ್ಳಲೋ, ಪ್ರೋಟೀನಿನೊಡನೆ ಬೆಸೆದು ಮತ್ತೆ ಹೊರಗೆ ಕಳುಹಿಸಲೋ ಯಕೃತ್ತಿಗೆ ಸಾಮಗ್ರಿ ಬೇಕು. ಬೆಕ್ಕಿನ ದೌರ್ಬಲ್ಯವಿರುವುದು ಇಲ್ಲಿಯೇ. ಅದು ನಿಯತ ಮಾಂಸಾಹಾರಿ. ಪ್ರೋಟೀನನ್ನು ಒಡೆದು ಶಕ್ತಿಯಾಗಿ ಬಳಸುವ ಅದರ ಯಕೃತ್ತಿನ ಕಿಣ್ವಗಳು, ನಮ್ಮವುಗಳಂತೆ ಉಪವಾಸದಲ್ಲಿ ತಮ್ಮ ವೇಗವನ್ನು ತಗ್ಗಿಸಿಕೊಳ್ಳಲಾರವು. ಆದಕಾರಣ ಹೊರಗಿನಿಂದ ಪ್ರೋಟೀನು ಬಾರದೆ ಹೋದೊಡನೆ ಒಳಗಿನದು ಬಹು ಬೇಗ ಬರಿದಾಗುತ್ತದೆ. ಅರೆಯುವ ಶಕ್ತಿಗೆ ಮೀರಿ ಕಬ್ಬಿನ ಗಾಡಿಗಳು ಆಲೆಮನೆಯ ಮುಂದೆ ಬಂದು ನಿಲ್ಲುವಂತೆ, ಕೊಬ್ಬು ಯಕೃತ್ತಿನ ಕಣಕಣದಲ್ಲಿ ಬಂದು ನಿಲ್ಲುತ್ತದೆ. ರೋಗ ಬಲಿತಾಗ ಶೇಕಡ 80ಕ್ಕೂ ಹೆಚ್ಚು ಕೋಶಗಳು ಕೊಬ್ಬಿನ ಹನಿಗಳಿಂದ ಉಬ್ಬಿ, ಪಿತ್ತರಸದ ಸೂಕ್ಷ್ಮನಾಳಗಳು ಅದುಮಿ ಹೋಗಿ, ಬೆಕ್ಕಿಗೆ ಕಾಮಾಲೆ ಕಾಣಿಸಿಕೊಳ್ಳುತ್ತದೆ. ಕಾಮಾಲೆಯಿಂದ ಓಕರಿಕೆ, ಓಕರಿಕೆಯಿಂದ ಅರುಚಿ, ಅರುಚಿಯಿಂದ ಮತ್ತಷ್ಟು ಕೊಬ್ಬು. ದಪ್ಪನೆಯ ಬೆಕ್ಕಿಗೆ ಈ ಗಂಡಾಂತರ ಹೆಚ್ಚು, ಏಕೆಂದರೆ ಕರಗಲು ಅದರಲ್ಲಿ ಸಂಗ್ರಹ ಹೆಚ್ಚು. ದೀರ್ಘ ಅನಶನದೊಡನೆ ಬರುವ ಈ ಯಕೃತ್ತಿನ ಮೇದೋರೋಗವನ್ನು ಅಮೆರಿಕದ ಪಶುವೈದ್ಯರು ಮೂರು ಬೆಕ್ಕುಗಳಲ್ಲಿ ಕಂಡು ವರ್ಣಿಸಿ ಬರೆದದ್ದು 1977ರಲ್ಲಿ. ಆತಂಕವೊಂದೇ ಇದಕ್ಕೆ ಮೂಲವೆಂದು ಭಾವಿಸಬಾರದು; ಮೇದೋಜೀರಕಾಂಗದ ಉರಿಯೂತ, ಕರುಳಿನ ರೋಗ, ಸಕ್ಕರೆ ಕಾಯಿಲೆ, ಹಲ್ಲಿನ ನೋವು, ಮೂಗು ಕಟ್ಟುವ ಶೀತ, ಇವುಗಳಲ್ಲಿ ಯಾವುದೇ ಆದರೂ ಊಟವನ್ನು ಬಿಡಿಸಿ ಇದೇ ದಾರಿಗೆ ತಂದೀತು.

ಸಸ್ಯಾಹಾರದ ಮನೆಗಳಲ್ಲಿ ಬೆಕ್ಕನ್ನು ಮೊಸರನ್ನದಲ್ಲಿಯೂ ಹಾಲಿನಲ್ಲಿಯೂ ಸಾಕುವ ಪದ್ಧತಿಯನ್ನು ಇಲ್ಲಿ ಪ್ರಸ್ತಾಪಿಸದೆ ಇರಲಾರೆ. ಆ ಮನೆಗಳ ವಾತ್ಸಲ್ಯದಲ್ಲಿ ನನಗೆ ಸಂದೇಹವಿಲ್ಲ. ಹಿಂದೆ ಬೆಕ್ಕು ಕಣಜದ ಇಲಿಗಳನ್ನು ಹಿಡಿದು ತನ್ನ ಕೊರತೆಯನ್ನು ತಾನೇ ತುಂಬಿಕೊಳ್ಳುತ್ತಿತ್ತು. ಈಗ ಕಣಜವೂ ಇಲ್ಲ, ಹಿತ್ತಿಲೂ ಇಲ್ಲ, ಬಾಗಿಲು ಮುಚ್ಚಿದ ಮನೆಯಲ್ಲಿ ಅನ್ನದ ಪಿಷ್ಟದಿಂದ ಅದು ಊದಿಕೊಳ್ಳುತ್ತದೆ, ಆದರೆ ಪುಷ್ಟವಾಗುವುದಿಲ್ಲ. ಕ್ಯಾಲಿಫೋರ್ನಿಯದ ವಿಜ್ಞಾನಿಗಳು 1978ರಲ್ಲಿ ತೋರಿಸಿಕೊಟ್ಟಂತೆ, ಆರ್ಜಿನಿನ್ ಎಂಬ ಅಮೈನೋ ಆಮ್ಲವಿಲ್ಲದ ಒಂದೇ ಒಂದು ಊಟದಿಂದ ಬೆಕ್ಕಿನ ರಕ್ತದಲ್ಲಿ ಅಮೋನಿಯ ವಿಷಮಟ್ಟಕ್ಕೆ ಏರುತ್ತದೆ; ಟಾರಿನ್ ಎಂಬ ಇನ್ನೊಂದು ವಸ್ತು ಸಾಲದೆ ಹೋದರೆ ಕಣ್ಣೂ ಹೃದಯವೂ ಕೆಡುತ್ತವೆ, ಮತ್ತು ಅದು ದೊರೆಯುವುದು ಮಾಂಸ ಮೀನುಗಳಲ್ಲಿ. ಮಾಂಸವನ್ನು ಒಳಗೆ ತರಲೊಲ್ಲದವರು ಬೆಕ್ಕಿಗೆಂದೇ ಸಿದ್ಧಪಡಿಸಿದ ಆಹಾರವನ್ನು ಪ್ರತ್ಯೇಕ ತಟ್ಟೆಯಲ್ಲಿ ಕೊಡಬಹುದು. ತೂಕ ಇಳಿಸುವುದಾದರೂ ಅವಸರ ಕೂಡದು. ವಾರಕ್ಕೆ ದೇಹಭಾರದ ಶೇಕಡ 1ರಿಂದ 2ರಷ್ಟು ಇಳಿದರೆ ಸಾಕು, ದಿಢೀರನೆ ಅರ್ಧ ಹೊಟ್ಟೆಗೆ ಇಳಿಸಿದರೆ ನಾವೇ ರೋಗವನ್ನು ಕರೆದಂತೆ.

ಕಾಮಾಲೆಯ ಅರಿಶಿನದ ಛಾಯೆಯನ್ನು ಹುಡುಕಬೇಕಾದದ್ದು ಒಸಡಿನಲ್ಲಿ, ಕಿವಿಯ ಒಳಮೈಯಲ್ಲಿ, ಬಾಯಿಯ ಅಂಗುಳಿನಲ್ಲಿ, ಕಣ್ಣಿನ ಬಿಳಿಯಲ್ಲಿ. ಜೊಲ್ಲು ಸುರಿಯುವುದು, ವಾಂತಿ, ಬೆನ್ನೆಲುಬು ಕೈಗೆ ಸಿಕ್ಕುವಂತೆ ಮಾಂಸ ಕರಗುವುದು, ಕತ್ತು ಎತ್ತಲಾರದೆ ಜೋಲುವುದು, ಇವು ಮುಂದಿನ ಹಂತಗಳು. ಇವನ್ನು ಕಾದು ನೋಡಬೇಕಾಗಿಲ್ಲ. ನಮ್ಮ ಸೀಮೆಯಲ್ಲಿ ಕಾಮಾಲೆಯೆಂದರೆ ನೆಲನೆಲ್ಲಿಯ ನಾಟಿ ಔಷಧಿಯ ಕಡೆಗೆ ಮನಸ್ಸು ಓಡುತ್ತದೆ. ಬೆಕ್ಕಿಗೆ ಅದನ್ನು ಬಲವಂತವಾಗಿ ಕುಡಿಸುವುದರಿಂದ ಆಗುವುದು ಕಾಲಹರಣ. ಕಹಿಯ ನೆನಪಿನಿಂದ ಅದು ಇದ್ದಬದ್ದ ಆಹಾರವನ್ನೂ ದ್ವೇಷಿಸಲು ಕಲಿಯುತ್ತದೆ. ಮನುಷ್ಯರ ಪ್ಯಾರಾಸಿಟಮಾಲ್ ಮಾತ್ರೆಯಂತೂ ಬೆಕ್ಕಿಗೆ ವಿಷವೇ ಸರಿ. ಆನೆಯ ಕಣ್ಣುಬೇನೆ ವಾಸಿಯಾಯಿತೆಂದು ಟಿಪ್ಪು ಸುಲ್ತಾನನು ಶ್ರೀಕಂಠೇಶ್ವರನನ್ನು ಹಕೀಮ ನಂಜುಂಡನೆಂದು ಕರೆದು ಪಚ್ಚೆಯ ಲಿಂಗವನ್ನರ್ಪಿಸಿದನೆಂದು ಪ್ರತೀತಿಯಿರುವ ಊರು ನಂಜನಗೂಡು. ಮೂಕಪ್ರಾಣಿಯ ಚಿಕಿತ್ಸೆಯನ್ನು ಅಲ್ಪವೆಂದೆಣಿಸದ ಆ ಗೌರವ ಮನೆಯ ಬೆಕ್ಕಿಗೂ ಸಲ್ಲಬೇಕು.

ಈ ರೋಗಕ್ಕೆ ಮದ್ದು ಅನ್ನವೇ, ಅರ್ಥಾತ್ ಆಹಾರವೇ. ಉಳಿದುದೆಲ್ಲ ಅದಕ್ಕೆ ಊರೆಗೋಲು. ವೈದ್ಯರು ರಕ್ತಪರೀಕ್ಷೆಯಿಂದಲೂ ಅಲ್ಟ್ರಾಸೌಂಡಿನಿಂದಲೂ ನಿಶ್ಚಯಿಸಿಕೊಂಡು, ರಕ್ತ ಹೆಪ್ಪುಗಟ್ಟುವುದು ತಡವಾಗುತ್ತಿದ್ದರೆ ಮೊದಲು ವಿಟಮಿನ್ ಕೆ ಕೊಟ್ಟು, ಅಲ್ಪಕಾಲದ ಅರಿವಳಿಕೆಯಲ್ಲಿ ಕತ್ತಿನ ಪಾರ್ಶ್ವದಿಂದ ಅನ್ನನಾಳಕ್ಕೆ ಮೃದುವಾದ ಕೊಳವೆಯೊಂದನ್ನು ಇರಿಸುತ್ತಾರೆ. ಕತ್ತಿನಲ್ಲಿ ಕೊಳವೆ ಎಂದೊಡನೆ ಹಲವರು ಕ್ರೌರ್ಯವೆಂದು ಹಿಮ್ಮೆಟ್ಟುತ್ತಾರೆ. ನನ್ನ ತೀರ್ಮಾನವಾದರೋ ನೇರ ವಿರುದ್ಧ: ದಿನಕ್ಕೆ ಹಲವು ಬಾರಿ ಬಾಯಿ ಬಿಡಿಸಿ ಸಿರಿಂಜಿನಿಂದ ತುರುಕುವುದರಲ್ಲಿ, ಆಹಾರ ಶ್ವಾಸಕೋಶಕ್ಕೆ ಇಳಿಯುವ ಅಪಾಯವಿರುವುದರಿಂದಲೂ ಬೆಕ್ಕಿನ ಭಯವನ್ನು ಬೆಳೆಸುವುದರಿಂದಲೂ, ಕ್ರೌರ್ಯ ಹೆಚ್ಚು, ಕೊಳವೆಯ ಮೂಲಕ ಉಣಿಸುವಾಗ ಅದು ಮಡಿಲಲ್ಲಿ ನಿದ್ರಿಸುತ್ತಲೇ ಇರಬಲ್ಲದು. ಮೊದಲ ದಿನ ಅಗತ್ಯದ ಮೂರನೆಯ ಒಂದು ಪಾಲನ್ನೋ ಅದಕ್ಕೂ ಕಡಿಮೆಯನ್ನೋ ಕೊಟ್ಟು ಕ್ರಮವಾಗಿ ಏರಿಸಬೇಕು. ಹಸಿದ ದೇಹಕ್ಕೆ ಒಮ್ಮೆಲೇ ಸುರಿದರೆ ರಕ್ತದ ಪೊಟ್ಯಾಸಿಯಂ, ಫಾಸ್ಫೇಟುಗಳು ಕುಸಿದು ಪ್ರಾಣಕ್ಕೇ ಮುಳುವಾಗುತ್ತದೆ. ಬಹುಮಟ್ಟಿಗೆ ನಾಲ್ಕರಿಂದ ಆರು ವಾರಗಳ ಶುಶ್ರೂಷೆ. ಅಷ್ಟು ತಾಳ್ಮೆಯಿದ್ದ ಮನೆಗಳಲ್ಲಿ ಹೆಚ್ಚಿನ ಬೆಕ್ಕುಗಳು ಬದುಕುತ್ತವೆ, ಒಮ್ಮೆ ಗುಣವಾದ ಯಕೃತ್ತು ಪೂರ್ವಸ್ಥಿತಿಗೆ ಬರುತ್ತದೆ. ಉಣಿಸದೆ ಬಿಟ್ಟವು ಬಹುತೇಕ ಸಾಯುತ್ತವೆ.

ಆದುದರಿಂದ ಓದುಗರಲ್ಲಿ ನನ್ನ ವಿನಂತಿ. ಒಂದು ಇಡೀ ದಿನ ಬೆಕ್ಕು ಏನನ್ನೂ ಮುಟ್ಟದಿದ್ದರೆ, ಈರುಳ್ಳಿ ಬೆಳ್ಳುಳ್ಳಿ ಉಪ್ಪು ಸೋಕದ ಬೇಯಿಸಿದ ಕೋಳಿಯನ್ನೋ ಮೀನನ್ನೋ ಬೆಚ್ಚಗೆ, ಪರಿಮಳ ಏಳುವಂತೆ, ಗದ್ದಲವಿಲ್ಲದ ಕೋಣೆಯಲ್ಲಿ ಅದರ ಮುಂದಿಟ್ಟು ನೋಡಿ. ಎರಡನೆಯ ದಿನ ಮುಗಿಯುವುದರೊಳಗೆ ತಾಲ್ಲೂಕಿನ ಪಶು ಆಸ್ಪತ್ರೆಗೋ ಮೈಸೂರಿನ ವೈದ್ಯರಲ್ಲಿಗೋ ಒಯ್ಯಿರಿ, ವಾಹನವಿಲ್ಲದವರು 1962ಕ್ಕೆ ಕರೆ ಮಾಡಿ ಸಂಚಾರಿ ಪಶುಚಿಕಿತ್ಸಾಲಯದ ನೆರವನ್ನು ಕೇಳಿರಿ. ಕಪಿಲೆ ಏರುವ ಸುದ್ದಿ ಬಂದೊಡನೆ, ಬೆಕ್ಕನ್ನು ಒಯ್ಯುವ ಬುಟ್ಟಿಯಲ್ಲಿ ಅದು ದಿನವೂ ಮಲಗುವ ಹಳೆಯ ಬಟ್ಟೆಯೊಂದನ್ನು ಹಾಸಿ ಸಿದ್ಧವಾಗಿಡಿ. ಪ್ರವಾಹಕಾಲದಲ್ಲಿ ಕಾಳಜಿ ಕೇಂದ್ರಗಳನ್ನು ತೆರೆಯುವ ಅಧಿಕಾರಿಗಳಲ್ಲಿಯೂ ಒಂದು ಬೇಡಿಕೆಯುಂಟು: ಪ್ರತಿ ಕೇಂದ್ರದಲ್ಲಿಯೂ ಬೆಕ್ಕಿನ ಬುಟ್ಟಿಗಳನ್ನು ಇಡಲು ಬಾಗಿಲು ಮುಚ್ಚಬಹುದಾದ ಒಂದು ಸಣ್ಣ ಕೋಣೆಯನ್ನು ಬಿಡಿಸಿಕೊಡಬೇಕು.