ಉಸಿರು ಕಟ್ಟುವವನಿಗೆ ಉಸಿರು ಬಿಡುವ ಪಾಠ

"ಮೀನಿನ ಮರಿಗೆ ಈಜು ಕಲಿಸೋದಾ ಮಾರಾಯ್ರೆ?"

ಹೊನ್ನಾವರದ ಬಂದರಿನ ಬದಿಯ ಚಾದಂಗಡಿಯಲ್ಲಿ ಈ ಮಾತು ಬಂದಾಗ ಕೂತಿದ್ದವರೆಲ್ಲ ತಲೆಯಾಡಿಸಿದರು. ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಪ್ರವಾಸಿಗರನ್ನು ಒಯ್ಯುವ ಬೋಟಿನಲ್ಲಿ ಕೆಲಸ ಕೇಳಲು ಊರಿನ ಹುಡುಗನೊಬ್ಬ ಹೋಗಿದ್ದ. ನೀರಿಗಿಳಿಯುವ ಕೆಲಸ ಬೇಕಾದರೆ ಮೊದಲಿನಿಂದ ತರಬೇತಿ ಆಗಬೇಕು, ಪರೀಕ್ಷೆ ಪಾಸಾಗಬೇಕು, ಅದಕ್ಕೆ ದುಡ್ಡೂ ಕಟ್ಟಬೇಕು ಅಂದರಂತೆ. ಹುಡುಗನೋ, ಬಂಡೆಗೆ ಕಚ್ಚಿದ ನೀಲಿಕಲ್ಲು ಚಿಪ್ಪನ್ನು ಒಂದೇ ಉಸಿರಿಗೆ ಕಿತ್ತು ತರುವವ. ಮೂರಾಳು ನೀರು ಅವನಿಗೆ ಅಂಗಳ. ಅಂಥವನಿಗೆ ಹೊರಗಿನವರು ಬಂದು ನೀರಿನ ಪಾಠ ಹೇಳುವುದೆಂದರೆ!

ಆವತ್ತು ನಾನೂ ತಲೆಯಾಡಿಸಿದೆ. ಈಗ ಆ ಮಾತು ತಪ್ಪು ಅನ್ನುತ್ತೇನೆ. ಸಣ್ಣ ತಪ್ಪೂ ಅಲ್ಲ.

ಹುಡುಗನ ವಿದ್ಯೆಗೂ ಸ್ಕೂಬಾದ ವಿದ್ಯೆಗೂ ಇರುವುದು ಹೆಚ್ಚು ಕಡಿಮೆಯ ಅಂತರವಲ್ಲ, ಎರಡೂ ಎದುರುಬದರು. ನೀಲಿಕಲ್ಲಿಗೆ ಇಳಿಯುವವನು ಮೇಲೆಯೇ ಎದೆ ತುಂಬ ಗಾಳಿ ತುಂಬಿಕೊಂಡು ಬಾಯಿ ಬಿಗಿದು ಇಳಿಯುತ್ತಾನೆ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು. ಎದೆಯೊಳಗಿನ 6 ಲೀಟರ್ ಗಾಳಿ ಅಲ್ಲಿ 3 ಲೀಟರಿಗೆ ಕುಗ್ಗಿ, ಮೇಲೆ ಬಂದಾಗ ಮತ್ತೆ 6 ಆಗುತ್ತದೆ. ಲೆಕ್ಕ ಚುಕ್ತಾ. ಸಿಲಿಂಡರ್ ಹೊತ್ತವನ ಲೆಕ್ಕ ಬೇರೆ. ಅವನು ಆ 6 ಲೀಟರನ್ನು ಎಳೆದುಕೊಳ್ಳುವುದೇ 10 ಮೀಟರ್ ಕೆಳಗೆ, ಅಲ್ಲಿನ ಒತ್ತಡದಲ್ಲಿ. ಉಸಿರು ಕಟ್ಟಿ ಮೇಲೆ ಬಂದನೋ, ಅದು 12 ಲೀಟರ್ ಆಗಲು ಹವಣಿಸುತ್ತದೆ. ಎದೆಯಲ್ಲಿ ಅಷ್ಟು ಜಾಗ ಎಲ್ಲಿಂದ ತರುವುದು? ಶ್ವಾಸಕೋಶ ಹರಿದು ಗಾಳಿಯ ಗುಳ್ಳೆ ರಕ್ತಕ್ಕೆ ಸೇರಿ ಮಿದುಳಿನತ್ತ ಹೋಗಬಹುದು. ಅದಕ್ಕೇ ಸ್ಕೂಬಾದ ಮೊದಲ ನಿಯಮ: ಏನೇ ಆಗಲಿ, ಉಸಿರು ಕಟ್ಟಬೇಡ. ನಮ್ಮ ಹುಡುಗನೋ ಹತ್ತು ವರ್ಷದವನಿದ್ದಾಗಿನಿಂದ ಕಲಿತದ್ದೇ ಉಸಿರು ಕಟ್ಟುವುದನ್ನು. ಗಾಬರಿಯಾದ ಗಳಿಗೆಯಲ್ಲಿ ಕಾಲು ಬಡಿದು, ಬಾಯಿ ಮುಚ್ಚಿ, ಮೇಲಕ್ಕೆ ಹಾರುತ್ತಾನೆ. ಅವನ ನೈಪುಣ್ಯವೇ ಅಲ್ಲಿ ಅವನಿಗೆ ಶತ್ರು. ಈಜು ಬಾರದ ಪೇಟೆಯವನಿಗಿಂತ ಅವನಿಗೇ ಹೆಚ್ಚು ಪಾಠ ಬೇಕು, ಯಾಕೆಂದರೆ ಅವನು ಮೊದಲು ಒಂದನ್ನು ಮರೆಯಬೇಕು.

ತರಬೇತಿ ಯಾಕೆ, ಧೈರ್ಯ ಸಾಕು ಎನ್ನಲು ಶಿರೂರಿನ ಉದಾಹರಣೆ ಕೊಡುವವರಿದ್ದಾರೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದ ಮೇಲೆ ಗಂಗಾವಳಿಯ ಕೆಸರು ನೀರಿಗಿಳಿದ ಮುಳುಗುತಜ್ಞ ಈಶ್ವರ ಮಲ್ಪೆಯವರನ್ನು ಇಡೀ ಕರಾವಳಿ ಕೊಂಡಾಡಿತು, ಕೊಂಡಾಡಬೇಕಾದದ್ದೇ. ಆದರೆ ತನ್ನ ಜೀವ ಪಣಕ್ಕಿಟ್ಟು ಮುಳುಗಿದ್ದನ್ನು ಹುಡುಕುವ ಕಸುಬು ಬೇರೆ, ಗುರುತಿಲ್ಲದ ಒಬ್ಬ ಪ್ರವಾಸಿಯನ್ನು ಕೆಳಗಿಳಿಸಿ ನಗುನಗುತ್ತ ವಾಪಸು ತರುವ ಕಸುಬು ಬೇರೆ. ಶಿರೂರಿನಲ್ಲಿಯೂ ಸೆಳೆತ ಜೋರಿದ್ದ ದಿನ ನೌಕಾಪಡೆಯವರು ಕೂಡ ಇಳಿಯದೆ ಕಾದರು. ಈ ಕಾಯುವಿಕೆಯ ವಿಷಯಕ್ಕೆ ಮತ್ತೆ ಬರುತ್ತೇನೆ.

ಇನ್ನೊಂದು ಮಾತು ಪ್ರವಾಸಿಗರ ಬಾಯಲ್ಲಿದೆ: "ಹೆಚ್ಚು ಆಳಕ್ಕೆ ಒಯ್ಯೋದಿಲ್ಲ, ಕೈ ಹಿಡಿದುಕೊಂಡಿರ್ತಾರೆ, ಈಜು ಬಾರದಿದ್ರೂ ತೊಂದರೆ ಇಲ್ಲ." ಇದರಲ್ಲಿ ಅರ್ಧ ನಿಜ. ನೇತ್ರಾಣಿಯಲ್ಲಿ ಹೆಚ್ಚಿನವರು ಮಾಡುವುದು ಒಂದು ಸಲದ ಅನುಭವದ ಡೈವ್. ಪ್ಯಾಡಿಯಂಥ ಸ್ಕೂಬಾ ತರಬೇತಿ ಸಂಸ್ಥೆಯ ನಿಯಮದಲ್ಲೂ ಅದಕ್ಕೆ ಈಜಿನ ಪರೀಕ್ಷೆ ಇಲ್ಲ. ಆಳ 12 ಮೀಟರ್ ಮೀರಬಾರದು, ಸಮುದ್ರದಲ್ಲಿ ಒಬ್ಬ ಶಿಕ್ಷಕನಿಗೆ ಹೆಚ್ಚೆಂದರೆ ನಾಲ್ವರು, ನೀರು ಕೆಟ್ಟಿದ್ದರೆ ಇನ್ನೂ ಕಡಿಮೆ. ಸುಳ್ಳಿರುವುದು "ಹೆಚ್ಚು ಆಳ ಇಲ್ಲ" ಎಂಬ ಸಮಾಧಾನದಲ್ಲಿ. 30 ಮೀಟರಿನಿಂದ 20ಕ್ಕೆ ಬರುವಾಗ ಗಾಳಿ ಹಿಗ್ಗುವುದು ಮೂರನೇ ಒಂದು ಪಾಲು. 10 ಮೀಟರಿನಿಂದ ಮೇಲಕ್ಕೆ ಬರುವಾಗ ಎರಡರಷ್ಟು. ಎದೆ ತುಂಬಿದ ಉಸಿರನ್ನು ಕಟ್ಟಿಕೊಂಡು ಒಂದೂವರೆ ಮೀಟರ್ ಎದ್ದರೂ ಅನಾಹುತಕ್ಕೆ ಸಾಕು. ಅಂದರೆ ಈಜುಕೊಳದ ಆಳ. ಅಪಾಯ ಕೆಳಗೆ ಕತ್ತಲಲ್ಲಿ ಕೂತಿದೆ ಎಂದು ನಾವು ಅಂದುಕೊಳ್ಳುತ್ತೇವೆ. ಅದು ಕೂತಿರುವುದು ಬೋಟಿನ ತಳಕ್ಕೆ ತಾಗಿಕೊಂಡು, ಬಿಸಿಲು ಕಾಣುವಲ್ಲಿ.

ನನ್ನ ಮೊದಲ ಡೈವ್ ಇಂಥದೇ. ದಡದಿಂದ 19 ಕಿಲೋಮೀಟರ್, ಬೋಟಿನಲ್ಲಿ ತಾಸಿಗೂ ಮಿಕ್ಕಿ ಪಯಣ. ಬೆಂಗಳೂರಿನ ರಾತ್ರಿ ಬಸ್ಸಿನಿಂದ ನೇರ ಇಳಿದುಬಂದ ಕೆಲವರು ವಾಂತಿ ತಡೆಯಲು ಅವೋಮಿನ್ ನುಂಗಿ ತೂಕಡಿಸುತ್ತಿದ್ದರು. ಕೈಗೆ ಆರೋಗ್ಯದ ಫಾರಂ ಬಂತು. ಅಸ್ತಮಾ ಇದೆಯೇ, ಕಿವಿ ಸೋರುತ್ತದೆಯೇ, ಎದೆಯ ಶಸ್ತ್ರಚಿಕಿತ್ಸೆ ಆಗಿದೆಯೇ? ನನ್ನ ಪಕ್ಕದವರು ಓದದೆ ಮೇಲಿನಿಂದ ಕೆಳಗೆ ಸಾಲಾಗಿ 'ಇಲ್ಲ' ಎಂದು ಗೀಚಿ, ಕೊನೆಗೆ ಹೆಂಡತಿಯ ಫಾರಮನ್ನೂ ಅವರೇ ತುಂಬಿದರು. ಸೂಚನೆಗಳನ್ನು ಎಂಜಿನ್ ಸದ್ದಿನ ನಡುವೆ ಹಿಂದಿಯಲ್ಲಿ ಹೇಳಿದರು. ಹೆಬ್ಬೆರಳು ಎತ್ತಿದರೆ 'ಮೇಲೆ ಹೋಗೋಣ' ಎಂದರ್ಥ, 'ಚೆನ್ನಾಗಿದೆ' ಅನ್ನಲು ಬೆರಳು ಉಂಗುರ ಮಾಡಬೇಕು. ನೀರೊಳಗೆ ಕ್ಯಾಮೆರಾ ಎದುರಿಗೆ ಬಂದ ಕೂಡಲೇ ನಾನು ಎರಡೂ ಹೆಬ್ಬೆರಳು ಎತ್ತಿ ನಿಂತೆ. ಪುಣ್ಯಕ್ಕೆ ಹಿಂದಿನಿಂದ ಸಿಲಿಂಡರ್ ಹಿಡಿದಿದ್ದಾತ ಈ ಭಾಷೆಗೆ ಹೊಂದಿಕೊಂಡಿದ್ದ, ಮೇಲಕ್ಕೆ ಒಯ್ಯಲಿಲ್ಲ. ಆಮೇಲೆ ಯೋಚಿಸಿದೆ: ನಿಜವಾಗಿ ಮೇಲೆ ಹೋಗಬೇಕಾದವನೊಬ್ಬ ಹೆಬ್ಬೆರಳು ಎತ್ತಿದ್ದರೆ? ಸಂಜೆ ಬಣ್ಣದ ಸರ್ಟಿಫಿಕೇಟ್ ಕೊಟ್ಟರು. ಮನೆಯಲ್ಲಿ ಅದನ್ನು ನೋಡಿದ ನೆಂಟರು, "ಓ, ನೀನೀಗ ಸರ್ಟಿಫೈಡ್ ಡೈವರ್ರಾ?" ಅಂದರು. ನಾನು ಇಲ್ಲ ಅನ್ನಲಿಲ್ಲ.

ಆ ಕಾಗದಕ್ಕೂ ನಿಜವಾದ ಅರ್ಹತೆಗೂ ಸಂಬಂಧವಿಲ್ಲ ಎಂದು ತಿಳಿದದ್ದು ಮುಂದೆ ಕೋರ್ಸಿಗೆ ಸೇರಿದಾಗ. ಆರಂಭದ ದರ್ಜೆಗೇ 200 ಮೀಟರ್ ನಿಲ್ಲದೆ ಈಜಬೇಕು, 10 ನಿಮಿಷ ತೇಲಬೇಕು, ಕೊಳದ ಪಾಠ ಮುಗಿಸಬೇಕು, ಆಮೇಲೆ ಸಮುದ್ರದಲ್ಲಿ 4 ಡೈವ್. ಅಷ್ಟಾದರೆ ಜೊತೆಗಾರನೊಂದಿಗೆ 18 ಮೀಟರಿನವರೆಗೆ ಇಳಿಯಬಹುದು. ಕೊಳದ ತಳದಲ್ಲಿ ಮಂಡಿಯೂರಿ ಮಾಸ್ಕ್ ತೆಗೆದು, ಮತ್ತೆ ಹಾಕಿ, ಮೂಗಿನಿಂದ ಊದಿ ನೀರು ಹೊರಹಾಕುವ ಪಾಠ. ತೆಗೆದ ಕೂಡಲೇ ಮೂಗಿಗೆ ನೀರು ಏರಿತು, ಕಣ್ಣು ಮಂಜಾಯಿತು, ಗಂಟಲು ತಾನಾಗಿ ಮುಚ್ಚಿತು, ಕಾಲು ತಳ ಒದ್ದು ಎದ್ದೇಬಿಟ್ಟಿತು. ಹೇಗೋ ಎರಡನೇ ಸಲ ಮಾಡಿ ಮುಗಿಸಿದೆ. ಶಿಕ್ಷಕ ಬೆರಳು ಸುತ್ತಿಸಿ 'ಮತ್ತೊಮ್ಮೆ' ಅಂದ. ಮತ್ತೊಮ್ಮೆ. ಐದನೇ ಸಲಕ್ಕೆ ನನಗೆ ಸಿಟ್ಟು ಬಂದಿತ್ತು. ನಿಯಮ ಕೇಳುವುದೂ ಅದನ್ನೇ: ಒಮ್ಮೆ ಮಾಡಿ ತೋರಿಸಿದರೆ ಆಗದು, ತಡವರಿಸದೆ, ಹಾಯಾಗಿ, ಹೇಳಿದಾಗೆಲ್ಲ ಮಾಡಬೇಕು. ನಾಲ್ಕು ದಿನದ ಕೋರ್ಸೋ ಎರಡು ದಿನದ್ದೋ ಎಂದು ದಿನ ಎಣಿಸುವವರು ಎಣಿಸಬೇಕಾದದ್ದು ಈ 'ಮತ್ತೊಮ್ಮೆ'ಗಳನ್ನು.

ಹಿಂದಿನ ಕಾಲದ ತರಬೇತಿ ಗಟ್ಟಿ, ಈಗ ಎಲ್ಲ ವ್ಯಾಪಾರ ಎನ್ನುವವರಿಗೆ ಒಂದೇ ಮಾತು. 1966ರಲ್ಲಿ ಪ್ಯಾಡಿ ಕಟ್ಟಿದ ಇಬ್ಬರಲ್ಲಿ ಜಾನ್ ಕ್ರೋನಿನ್ ಡೈವಿಂಗ್ ಸಾಮಾನು ಮಾರುತ್ತಿದ್ದವರು, ರಾಲ್ಫ್ ಎರಿಕ್ಸನ್ ಈಜು ಕಲಿಸುತ್ತಿದ್ದವರು. ವ್ಯಾಪಾರ ಮತ್ತು ಪಾಠ ಹುಟ್ಟಿನಿಂದಲೇ ಒಂದೇ ಹಾಸಿಗೆಯಲ್ಲಿ ಮಲಗಿವೆ.

ಸರ್ಕಾರ ಲೈಸೆನ್ಸ್ ಬಿಗಿ ಮಾಡಲಿ ಎಂಬುದು ಪತ್ರಿಕೆಗಳ ಖಾಯಂ ರಾಗ. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ನಾಲ್ವರು ಹುಡುಗಿಯರು ಮುರುಡೇಶ್ವರದ ಅಲೆಗೆ ಸಿಕ್ಕಿ ಸತ್ತರು. ಕಡಲತೀರ ಬಂದ್ ಆಯಿತು, ಕೆಲ ದಿನಕ್ಕೆ ತೆರೆಯಿತು. ಬಾಗಿಲು ಹಾಕುವುದು, ತೆಗೆಯುವುದು ಎರಡೇ ನಮ್ಮ ಆಡಳಿತಕ್ಕೆ ಗೊತ್ತಿರುವ ಕೈಚಳಕ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ 2018ರ ಸಾಹಸ ಪ್ರವಾಸ ಮಾರ್ಗಸೂಚಿಯಲ್ಲಿ ಸ್ಕೂಬಾದ ಬಗ್ಗೆ ಬರೆದಿದೆ, ಬರೆದದ್ದು ಸರಿಯಾಗಿಯೇ ಇದೆ. ಆದರೆ ಹೊನ್ನಾವರದ ಕೆಎ-47 ಲೈಸೆನ್ಸ್ ಜೇಬಲ್ಲಿರುವ ಎಲ್ಲರಿಗೂ ಹೆದ್ದಾರಿ 66ರಲ್ಲಿ ಗಾಡಿ ಓಡಿಸಲು ಬರುತ್ತದೆ ಎಂದು ನಂಬುವವರು ನಮ್ಮ ಕಡೆ ಯಾರಿದ್ದಾರೆ? ಡೈವರ್ ಕಾರ್ಡಿಗಂತೂ ಅವಧಿಯೇ ಇಲ್ಲ. ಹತ್ತು ವರ್ಷ ನೀರು ಮುಟ್ಟದವನೂ ಕಾರ್ಡ್ ತೋರಿಸಬಹುದು. ಹೊನ್ನಾವರದ ಕಾಸರಕೋಡು ಕಡಲತೀರಕ್ಕೆ 2020ರಲ್ಲಿ ನೀಲಿ ಬಾವುಟದ (ಬ್ಲೂ ಫ್ಲ್ಯಾಗ್) ಮಾನ್ಯತೆ ಬಂತಲ್ಲ, ಅದನ್ನು ಉಳಿಸಿಕೊಳ್ಳಲು ಪ್ರತಿ ವರ್ಷ ಪರೀಕ್ಷೆಗೆ ಕೂರಬೇಕು. ಮರಳಿನ ದಂಡೆಗೆ ವರ್ಷಕ್ಕೊಮ್ಮೆ ಪರೀಕ್ಷೆ, ಮುಳುಗುವವನಿಗೆ ಜನ್ಮಕ್ಕೊಮ್ಮೆ!

ಇಷ್ಟು ಬಿಗಿ ಮಾಡಿದರೆ ಊರಿನ ಹುಡುಗರ ಅನ್ನಕ್ಕೆ ಕಲ್ಲು ಎಂಬ ವಾದವೇ ನನ್ನನ್ನು ಹೆಚ್ಚು ಕಾಡಿದ್ದು, ಕೇಳಲು ಅದು ನ್ಯಾಯವಾಗಿ ಕಾಣುವುದರಿಂದ. ನಿಯಮ ಸಡಿಲವಿದ್ದಲ್ಲಿ ಖಾರ್ವಿ, ಮೊಗೇರ, ಅಂಬಿಗರ ಹುಡುಗರಿಗೆ ಸಿಗುವುದು ಯಾವ ಕೆಲಸ? ಸಿಲಿಂಡರ್ ಹೊರುವುದು, ಲಂಗರು ಬಿಡುವುದು, ವಾಂತಿ ತೊಳೆಯುವುದು. ಶಿಕ್ಷಕನ ಅರ್ಹತೆ ಇರುವವನು ಅಂಡಮಾನಿಗೆ ಹೋಗಲಿ, ಮಾಲ್ದೀವ್ಸಿಗೆ ಹೋಗಲಿ, ಅದು ನಡೆಯುತ್ತದೆ. ಅರ್ಹತೆ ಇಲ್ಲದ ಧೈರ್ಯ ಮುರುಡೇಶ್ವರದ ಜೆಟ್ಟಿ ದಾಟಿದರೆ ಸವಕಲು ನಾಣ್ಯ. ಮಹಾರಾಷ್ಟ್ರದ ಪ್ರವಾಸೋದ್ಯಮ ನಿಗಮ ಮಾಲ್ವಣ ಬಳಿಯ ತಾರ್ಕರ್ಲಿಯಲ್ಲಿ ಸ್ಕೂಬಾ ತರಬೇತಿ ಸಂಸ್ಥೆಯನ್ನೇ ಕಟ್ಟಿತು. ಇಲ್ಲಿಯ ಹುಡುಗರ ಮೇಲೆ ಕರುಣೆ ಇದ್ದವರು ಕೇಳಬೇಕಾದದ್ದು ಅಂಥ ಕೊಳವನ್ನು, ಶುಲ್ಕಕ್ಕೆ ಸಹಾಯವನ್ನು. ರಿಯಾಯಿತಿಯನ್ನಲ್ಲ.

ಹೆಚ್ಚುಕಡಿಮೆ ಆದರೆ ಒಯ್ಯುವುದೆಲ್ಲಿಗೆ ಎಂಬುದೂ ಇದೆ. ಭಟ್ಕಳದಿಂದ ಕುಮಟಾದವರೆಗೆ ಯಾರ ಮನೆಯಲ್ಲಿ ಕೇಳಿದರೂ ದೊಡ್ಡ ಆಸ್ಪತ್ರೆ ಎಂದರೆ ಮಣಿಪಾಲ. 2022ರ ಜುಲೈ 20ರಂದು ಹೊನ್ನಾವರದಿಂದ ಕುಂದಾಪುರಕ್ಕೆ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ಗೇಟಿನಲ್ಲಿ ಉರುಳಿದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಆ ರಸ್ತೆ ಹಿಡಿಯುವ ಮೊದಲು ನೇತ್ರಾಣಿಯಿಂದ ತಾಸಿಗೂ ಮಿಕ್ಕಿ ಸಮುದ್ರ ದಾಟಬೇಕು.

ಚಾದಂಗಡಿಯ ಆ ಹುಡುಗ ಈಗ ಕಲಿಯುತ್ತಿದ್ದಾನೆ. ಗಾಳಿ ತೀರಿದಾಗ ಒಂದೇ ಉಸಿರಿನಲ್ಲಿ ಮೇಲೆ ಬರುವುದನ್ನು ಮೊದಲು ಕೊಳದಲ್ಲಿ ಅಡ್ಡಡ್ಡ ಈಜಿ ಕಲಿಸುತ್ತಾರೆ. ದಾರಿಯುದ್ದಕ್ಕೂ 'ಆ...' ಎಂದು ಸ್ವರ ಹೊರಡಿಸುತ್ತಿರಬೇಕು, ಸ್ವರ ಬರುತ್ತಿದ್ದರೆ ಗಾಳಿ ಹೊರಗೆ ಹೋಗುತ್ತಿದೆ ಎಂದು ಲೆಕ್ಕ. "ಭಾಗವತರ ಹಾಗೆ ಆಲಾಪ ಎಳೀಬೇಕು ಅಣ್ಣ," ಎಂದು ನಕ್ಕ. "ಅರ್ಧಕ್ಕೆ ಬರುವಷ್ಟರಲ್ಲಿ ಬಾಯಿ ತನ್ನಷ್ಟಕ್ಕೇ ಮುಚ್ಚಿಕೊಳ್ತದೆ."

ಇವನ ಬಾಯಿ ಮುಚ್ಚದಂತಾಗಲು ಎಷ್ಟು ಸಲ ಬೇಕೋ ಅಷ್ಟು ಸಲ ಆಗಲಿ ಎಂದು ಹೇಳುವ ಶಿಕ್ಷಕನೊಬ್ಬ ಬೇಕು. ಶನಿವಾರ ಬೋಟು ತುಂಬಿದ್ದರೂ 'ಇವನಿನ್ನೂ ಆಗಿಲ್ಲ' ಅನ್ನಬಲ್ಲವ, ಹಾಗೆಂದದ್ದಕ್ಕೆ ಕೆಲಸ ಕಳೆದುಕೊಳ್ಳದವ. ಕಾರ್ಡು, ಲೈಸೆನ್ಸು, ಬಾವುಟ ಎಲ್ಲಕ್ಕಿಂತ ಮೊದಲು ಕಾಯಬೇಕಾದದ್ದು ಅವನ ಈ ಅಧಿಕಾರವನ್ನು. ಇದು ನಮಗೆ ಹೊಸತಲ್ಲ. ಮೀನುಗಾರಿಕೆ ಬೋಟಿನ ತಾಂಡೇಲ ಗಾಳಿ ನೋಡಿ ಬೇಡ ಅಂದರೆ ಡೀಸೆಲ್ ತುಂಬಿಸಿ ಕೂತ ಮಾಲೀಕನೂ ಎದುರಾಡುವುದಿಲ್ಲ.

ನನ್ನ ಕೋರ್ಸಿನ ಕೊನೆಯ ದಿನ ಹಾಗೇ ಆಯಿತು. ಬೆಳಿಗ್ಗೆ ಏಳಕ್ಕೆ ಜೆಟ್ಟಿಯಲ್ಲಿ ಶಿಕ್ಷಕ ಸ್ವಲ್ಪ ಹೊತ್ತು ನೀರನ್ನು ನೋಡಿದ, ತಾಂಡೇಲನ ಮುಖ ನೋಡಿದ, ಇವತ್ತಿಲ್ಲ ಅಂದ. ನಮ್ಮಲ್ಲೊಬ್ಬರು ಸಂಜೆಯ ಬಸ್ಸಿನ ಟಿಕೆಟ್ ತೆಗೆದು ತೋರಿಸಿದರು. ತಾಂಡೇಲ ಟಿಕೆಟನ್ನು ಕೈಗೆ ತೆಗೆದುಕೊಂಡು ಪೂರ್ತಿ ಓದಿ, ಮಡಚಿ ವಾಪಸು ಕೊಟ್ಟ. ಬಿಚ್ಚಿದ್ದ ಹಗ್ಗವನ್ನು ಮತ್ತೆ ಗೂಟಕ್ಕೆ ಸುತ್ತಿದ. ನಾವು ತಿಂಡಿಗೆ ಹೋದೆವು.