ಬಾರದವನ ಹಾಡು: ಠುಮ್ರಿ ಕೇಳುವ ಹೊಸಬರಿಗೆ

ಹಿಂದೂಸ್ತಾನಿ ಸಂಗೀತದ ಠುಮ್ರಿ ಕೇಳಲು ಕೂತವರು ಕತೆ ಮುಂದೆ ಸಾಗಲೆಂದು ಕಾಯಬಾರದು. ನಲ್ಲ ಬರಲಿಲ್ಲ, ಅಷ್ಟೇ ಕತೆ. ಸಾಹಿತ್ಯವೂ ನಾಲ್ಕಾರು ಸಾಲು ಮಾತ್ರ. ಗಾಯಕಿ ಅದರಲ್ಲೊಂದು ಸಾಲು ಹಿಡಿದು ಮತ್ತೆ ಮತ್ತೆ ಹಾಡುತ್ತಾಳೆ. ಪ್ರತಿ ಸಲವೂ ದನಿ ಬೇರೆ. ಒಮ್ಮೆ ಮುನಿಸು, ಒಮ್ಮೆ ಗೋಗರೆತ, ಆಮೇಲೆ ಸವತಿಯ ಮೇಲೆ ಹೊಟ್ಟೆಕಿಚ್ಚು, ಕೊನೆಗೆ ಬರೀ ದಣಿವು. ಈ ಕಸುಬಿಗೆ ‘ಬೋಲ್ ಬನಾವ್’ ಎನ್ನುತ್ತಾರೆ. ಕಿವಿ ನೆಡಬೇಕಾದದ್ದು ಇಲ್ಲೇ. ಕಣ್ಣೆದುರು ಇರುವವರ ಮೇಲಿನ ಪ್ರೀತಿ ನೂಲಿನ ಉಂಡೆಯ ಹಾಗೆ; ಅದರಲ್ಲಿ ಅಕ್ಕರೆಯೆಷ್ಟು, ಹಕ್ಕೆಷ್ಟು, ಬರೀ ರೂಢಿಯೆಷ್ಟು ಎಂದು ತಿಳಿಯುವುದಿಲ್ಲ. ಅಗಲಿಕೆ ಎಳೆ ಬಿಡಿಸುತ್ತದೆ. ಒಳ್ಳೆಯ ಠುಮ್ರಿ ಗಾಯಕಿ ನಮ್ಮೆದುರೇ ಕೂತು ಅದನ್ನು ಬಿಡಿಸುತ್ತಾಳೆ, ಅವಸರವಿಲ್ಲದೆ. ಹರಕತ್ತುಗಳ, ಅಂದರೆ ಚುರುಕಾದ ಸ್ವರಾಲಂಕಾರಗಳ, ಮಳೆಗರೆದು ಚಪ್ಪಾಳೆ ಗಿಟ್ಟಿಸುವವರು ನನಗಂತೂ ಹಿಡಿಸುವುದಿಲ್ಲ.

ರಾಗದ ಶುದ್ಧಿ ಹುಡುಕುತ್ತ ಕೂರಬೇಡಿ. ಖಮಾಜ್, ಪೀಲು, ಭೈರವಿಗಳಲ್ಲಿ ಅನ್ಯಸ್ವರ ಇಣುಕಿದರೆ ಅಲ್ಲೇನೋ ನೆನಪಾಗಿದೆ ಎಂದುಕೊಳ್ಳಿ. ಕೊನೆಗೆ ತಬಲಾ ‘ಲಗ್ಗಿ’ ಎಂಬ ವೇಗದ ನಡೆಗೆ ಏರಿ ಓಡುವಾಗ ಹೊಸಬರು ಸಂತೋಷ ಬಂತೆಂದು ಭಾವಿಸುವುದುಂಟು. ಗಾಯಕಿ ಮಾತ್ರ ಅದೇ ಸಾಲಿನಲ್ಲಿ ನಿಂತಿರುತ್ತಾಳೆ, ಗಮನಿಸಿ.

ವಿರಹವೆಂದರೆ ನಲ್ಲನದೇ ಆಗಬೇಕಿಲ್ಲ. 1856ರಲ್ಲಿ ಅವಧ್ ರಾಜ್ಯ ಈಸ್ಟ್ ಇಂಡಿಯಾ ಕಂಪನಿಯ ಪಾಲಾದಾಗ ನವಾಬ ವಾಜಿದ್ ಅಲಿ ಶಾ ಲಖನೌ ಬಿಟ್ಟು ಕಲ್ಕತ್ತೆಯ ಮಟಿಯಾಬುರ್ಜ್ ಸೇರಿದ. ಅವನದೇ ರಚನೆ ಎಂದು ಹೇಳಲಾಗುವ ‘ಬಾಬುಲ್ ಮೋರಾ’ದಲ್ಲಿ ಮದುಮಗಳು ತವರು ಬಿಡುತ್ತಾಳೆ. ಆಳುವವನು ಕಳೆದುಕೊಂಡ ಊರಿಗೆ ಹೆಣ್ಣಿನ ತವರೇ ರೂಪಕವಾಯಿತು. ಅವಳ ಪಲ್ಲಕ್ಕಿ ಹೊರುವವರು ನಾಲ್ವರು, ಚಟ್ಟ ಹೊರುವವರೂ ನಾಲ್ವರು. ಹಾಡು ಎರಡನ್ನೂ ಒಟ್ಟಿಗೆ ನುಡಿಯುತ್ತದೆ. ಗಾಯಕ-ನಟ ಕೆ.ಎಲ್. ಸೈಗಲ್ 1938ರ ‘ಸ್ಟ್ರೀಟ್ ಸಿಂಗರ್’ ಚಿತ್ರದಲ್ಲಿ ಇದನ್ನು ಹಾಡಿದ್ದಾರೆ. ತವರಿನ ಹಾಡು ಕೇಳಿ ಬೆಳೆದ ಕನ್ನಡದ ಕಿವಿಗೆ ಇದು ಬೇಗ ಒಗ್ಗುತ್ತದೆ.

ಮನೆ ಬಿಡಿಸಿದ ಠುಮ್ರಿಯೂ ಒಂದುಂಟು. ಗಾಯಕ ಅಬ್ದುಲ್ ಕರೀಂ ಖಾನರು ಝಿಂಝೋಟಿ ರಾಗದಲ್ಲಿ ಹಾಡಿದ ‘ಪಿಯಾ ಬಿನ್’ ಗ್ರಾಮಫೋನ್ ತಟ್ಟೆ ಕೆಲವೇ ನಿಮಿಷಗಳದ್ದು. ಅದನ್ನು ಕೇಳಿದ ಗದಗಿನ ಹುಡುಗ ಭೀಮಸೇನ ಜೋಶಿ 1933ರಲ್ಲಿ ಗುರುವನ್ನರಸಿ ಮನೆಬಿಟ್ಟು ಹೊರಟ. ಮುಂದೆ ಖಾನರ ಶಿಷ್ಯರೇ ಆದ ಕುಂದಗೋಳದ ಸವಾಯಿ ಗಂಧರ್ವರಲ್ಲಿ ಕಲಿತ.

ನೀವೂ ಆ ತಟ್ಟೆಯಿಂದಲೇ ಶುರುಮಾಡಿ. ಆಮೇಲೆ ಬನಾರಸದ ಗಾಯಕಿಯರಾದ ರಸೂಲನ್ ಬಾಯಿ, ಸಿದ್ಧೇಶ್ವರಿ ದೇವಿಯವರನ್ನು ಕೇಳಿ. ಭಾಷೆ ಬಾರದೆಂಬ ಅಂಜಿಕೆ ಬೇಡ. ಇರುವ ನಾಲ್ಕು ಸಾಲಿನ ಅರ್ಥ ಬಲ್ಲವರಿಂದ ಒಮ್ಮೆ ತಿಳಿದುಕೊಂಡರೆ ಸಾಕು.